ದಫ್ತರ ಸುಟ್ಟವರು, ದಫ್ತರ ಇಟ್ಟವರು

ಬೆಳಗಾವಿಯ ಟಿಳಕವಾಡಿಯಲ್ಲಿರುವ ಕಾಂಗ್ರೆಸ್ ಬಾವಿಗೂ ಖಾನಾಪುರ ತಾಲ್ಲೂಕಿನ ನಂದಗಡದಲ್ಲಿರುವ ಆಲದ ಮರಕ್ಕೂ ನಡುವಿನ ಹಾದಿ ಮೋಟಾರಿನಲ್ಲಿ ಸುಮಾರು ಒಂದು ಗಂಟೆಯದು. ಇತಿಹಾಸದ ಲೆಕ್ಕದಲ್ಲಿ ಅದು ತೊಂಬತ್ತನಾಲ್ಕು ವರ್ಷಗಳ ಹಾದಿ. ನಂದಗಡದಲ್ಲಿ 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಲಾಯಿತು. ಟಿಳಕವಾಡಿಯ ಬಯಲಿನಲ್ಲಿ 1924ರ ಡಿಸೆಂಬರ್ 26 ಮತ್ತು 27ರಂದು ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ 39ನೆಯ ಅಧಿವೇಶನ ಸೇರಿತು. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನವದು. ಆಲದ ಮರಕ್ಕೆ ಜನ ಇಂದಿಗೂ ತೊಟ್ಟಿಲು ಕಟ್ಟಿ ಮಕ್ಕಳ ಭಾಗ್ಯ ಬೇಡಿಕೊಳ್ಳುತ್ತಾರೆ. ಬಾವಿಯ ಬಳಿ ಇರುವ ವೀರಸೌಧಕ್ಕೆ ಶಾಲಾ ಮಕ್ಕಳು ಸಾಲಾಗಿ ಬಂದು ಚಿತ್ರಗಳನ್ನು ನೋಡಿ ಹೋಗುತ್ತಾರೆ. ಒಂದು ಕಡೆ ಹರಕೆ, ಇನ್ನೊಂದು ಕಡೆ ಪ್ರದರ್ಶನ. ಇವೆರಡನ್ನೂ ಒಂದೇ ಕಥೆಯ ಭಾಗವಾಗಿ ನೋಡುವವರು ಕಡಿಮೆ.

ಶಾಲೆಯ ಪುಸ್ತಕಗಳು ಈ ನಡುವಿನ ಅವಧಿಯನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತವೆ. ಇಂಗ್ಲಿಷ್ ಶಿಕ್ಷಣ ಬಂತು, ಪತ್ರಿಕೆಗಳು ಬಂದವು, ರೈಲು ಬಂತು, 1885ರಲ್ಲಿ ಕಾಂಗ್ರೆಸ್ ಹುಟ್ಟಿತು, ಬಿಡಿಬಿಡಿಯಾಗಿದ್ದ ಪ್ರತಿಭಟನೆ ಸಂಘಟಿತವಾಯಿತು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಸಂಘಟಿತವಾಯಿತು ಎಂದರೆ ನಿಜವಾಗಿ ಏನಾಯಿತು? ಕೋಪವಿದ್ದ ಜನ ಮೊದಲೂ ಇದ್ದರು. ಧೈರ್ಯವೂ ಇತ್ತು, ನಾಯಕರೂ ಇದ್ದರು. ಇಲ್ಲದೆ ಇದ್ದುದು ಯಾವುದು, ಅದು ಎಲ್ಲಿಂದ ಬಂತು? ಕಂದಾಯ ಇಲಾಖೆಯ ಕಾಗದಪತ್ರಗಳ ನಡುವೆಯೇ ಮೂರು ದಶಕಗಳನ್ನು ಕಳೆದ ನನಗೆ ಈ ಪ್ರಶ್ನೆಯ ಉತ್ತರವೂ ಕಾಗದಗಳಲ್ಲೇ, ಅಂದರೆ ದಫ್ತರದಲ್ಲಿ, ಇದೆಯೆನಿಸುತ್ತದೆ. ಇದು ವೃತ್ತಿಯ ದೋಷವೆಂದು ಓದುಗರು ಭಾವಿಸಿದರೂ ಅಡ್ಡಿಯಿಲ್ಲ.

ಕಿತ್ತೂರಿನ ಕಥೆ ಎಲ್ಲರಿಗೂ ಗೊತ್ತು. ದತ್ತಕವನ್ನು ಒಪ್ಪದ ಕಂಪನಿ ಸರ್ಕಾರ ಸಂಸ್ಥಾನವನ್ನು ವಶಕ್ಕೆ ತೆಗೆದುಕೊಳ್ಳಲು ಮುಂದಾಯಿತು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಸತ್ತ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡರು. ಸಾಮಾನ್ಯವಾಗಿ ನಾವು ಗಮನಿಸದೆ ಬಿಡುವ ಸಂಗತಿಯೆಂದರೆ ರಾಯಣ್ಣ ಯಾರು ಎಂಬುದು. ಆತ ಅರಮನೆಯವನಲ್ಲ, ಜಹಗೀರುದಾರನೂ ಅಲ್ಲ. ಊರು ಕಾಯುವ ಕೆಲಸಕ್ಕೆ ಪ್ರತಿಯಾಗಿ ಹೊಲವನ್ನು ಉಂಬಳಿಯಾಗಿ ಉಣ್ಣುತ್ತಿದ್ದ ಶೇತಸನದಿ. ಈ ಭಾಗದ ಹಳ್ಳಿಹಳ್ಳಿಗಳಲ್ಲಿ ಶೇತಸನದಿಗಳಿದ್ದರು. ಕರೆ ಬಂದಾಗ ಕತ್ತಿ ಹಿಡಿದು ಹೋಗುವುದು, ಉಳಿದ ದಿನಗಳಲ್ಲಿ ಹೊಲ ಉಳುವುದು ಅವರ ಬದುಕು. ಕಂಪನಿಯ ಆಡಳಿತಕ್ಕೆ ಇಂಥ ಕಾವಲುಗಾರರು ಬೇಕಿರಲಿಲ್ಲ. ಬೇಕಿದ್ದುದು ಹೊಲದ ಮೇಲಿನ ಆಕಾರ. ಉಂಬಳಿಯ ಭೂಮಿಯನ್ನು ಕಿತ್ತುಕೊಳ್ಳುವುದು, ಉಳಿಸಿದ್ದಕ್ಕೆ ಕಂದಾಯ ಹಾಕುವುದು ಆರಂಭವಾಯಿತು. ರಾಯಣ್ಣನ ಹೊಲಕ್ಕೂ ಅದೇ ಗತಿಯಾಯಿತು.

ಆದ್ದರಿಂದ 1829ರ ಕೊನೆಯಲ್ಲಿ ಬಂಡಾಯವೆದ್ದಾಗ ಆತನ ಜನ ಮೊದಲು ಕೈ ಹಾಕಿದ್ದು ಸರ್ಕಾರಿ ಕಚೇರಿಗಳಿಗೆ ಎಂಬುದರಲ್ಲಿ ಆಶ್ಚರ್ಯವಿಲ್ಲ. 1830ರ ಆರಂಭದಲ್ಲಿ ಇಂದಿನ ಖಾನಾಪುರ ತಾಲ್ಲೂಕಿನ ಬೀಡಿಯ ಕಚೇರಿ ಸುಟ್ಟಿತು. ಖಜಾನೆಯ ಜೊತೆಗೆ ಕಾಗದಗಳೂ ಅವರ ಗುರಿಯಾಗಿದ್ದವು. ಇದನ್ನು ಅನಕ್ಷರಸ್ಥರ ಆಕ್ರೋಶವೆಂದು ತಳ್ಳಿಹಾಕುವವರು ಕಂದಾಯ ದಫ್ತರವೆಂದರೇನು ಎಂಬುದನ್ನು ಅರಿಯದವರು. ಯಾರ ಹೊಲ ಯಾರದು, ಯಾರು ಎಷ್ಟು ಕೊಡಬೇಕು ಎಂಬುದನ್ನು ತೀರ್ಮಾನಿಸುವ ವಸ್ತು ಆ ಬಟ್ಟೆ ಸುತ್ತಿದ ಗಂಟು. ತೋಪು ಕಿತ್ತೂರಿನ ಕೋಟೆಯನ್ನು ಒಡೆದಿತ್ತು, ನಿಜ. ಹಳ್ಳಿಯೊಳಕ್ಕೆ ಬಂದು ಶೇತಸನದಿಯನ್ನು ಸಾಮಾನ್ಯ ಸಾಗುವಳಿದಾರನನ್ನಾಗಿ ಮಾಡಿದ್ದು ದಫ್ತರ. ರಾಯಣ್ಣನಿಗೆ ಶತ್ರುವಿನ ನಿಜವಾದ ಆಯುಧ ಯಾವುದೆಂದು ಗೊತ್ತಿತ್ತು.

ಗೊತ್ತಿದ್ದರೂ ಸಾಕಾಗಲಿಲ್ಲ. ಖಾನಾಪುರದ ಕಾಡು ಆತನಿಗೆ ಆಸರೆಯಾಯಿತು, ಹಳ್ಳಿಗಳು ಅನ್ನವಿಟ್ಟವು. ಆದರೆ ಬಂಡಾಯದ ಉದ್ದೇಶ ದತ್ತಕಪುತ್ರ ಶಿವಲಿಂಗಪ್ಪನನ್ನು ಕಿತ್ತೂರಿನ ಗಾದಿಯ ಮೇಲೆ ಕೂರಿಸುವುದು. ಅಂದರೆ ಅದರ ಭವಿಷ್ಯ ಎರಡು ವ್ಯಕ್ತಿಗಳ ದೇಹಗಳನ್ನು ಅವಲಂಬಿಸಿತ್ತು: ಉತ್ತರಾಧಿಕಾರಿಯದೊಂದು, ನಾಯಕನದೊಂದು. 1830ರ ಏಪ್ರಿಲ್‌ನಲ್ಲಿ ನಂಬಿದವರೇ ಮೋಸದಿಂದ ರಾಯಣ್ಣನನ್ನು ಹಿಡಿದುಕೊಟ್ಟರು. ಅಲ್ಲಿಗೆ ಬಂಡಾಯದ ಬೆನ್ನೆಲುಬು ಮುರಿಯಿತು. ಆತನ ಜಾಗದಲ್ಲಿ ನಿಂತು ಲೆಕ್ಕ ಮುಂದುವರಿಸುವ ಎರಡನೆಯ ಸಾಲು ಇರಲಿಲ್ಲ. ಕಿತ್ತೂರು ಸೀಮೆಯ ಆಚೆ, ಬೇರೆ ಸೀಮೆಯ ಶೇತಸನದಿಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆಯೂ ಇರಲಿಲ್ಲ.

ಮೂರು ದಶಕಗಳ ನಂತರವೂ ಸ್ಥಿತಿ ಇದೇ. 1850ರ ದಶಕದಲ್ಲಿ ಇನಾಮು ಕಮಿಷನ್ ದಕ್ಷಿಣ ಮರಾಠಾ ಸೀಮೆಗೆ ಬಂದು ಸನದುಗಳನ್ನು ಕೇಳತೊಡಗಿತು. 1857ಕ್ಕೆ ಹಿಂದಿನ ಕೆಲವೇ ವರ್ಷಗಳಲ್ಲಿ ದಖ್ಖನ್ನಿನಲ್ಲಿ ಸುಮಾರು ಇಪ್ಪತ್ತು ಸಾವಿರ ಇನಾಮುಗಳು ಜಪ್ತಾದವೆಂದು ಇತಿಹಾಸಕಾರರು ಲೆಕ್ಕ ಹೇಳುತ್ತಾರೆ. ಕಾಗದ ತೋರಿಸಲಾಗದವನ ಭೂಮಿ ಹೋಯಿತು. 1857ರ ನವೆಂಬರಿನಲ್ಲಿ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ನೋಂದಾಯಿಸಲು ಒಪ್ಪದೆ ಊರನ್ನೇ ಬೂದಿ ಮಾಡಿಸಿಕೊಂಡರು. ಅಲ್ಲಿಯೂ ಜಗಳ ಶುರುವಾದದ್ದು ಒಂದು ರಿಜಿಸ್ಟರಿನಿಂದ. 1858ರ ಮೇ ತಿಂಗಳಲ್ಲಿ ನರಗುಂದದ ಭಾಸ್ಕರರಾವ್ ಭಾವೆಯವರು, ದತ್ತಕಕ್ಕೆ ಅನುಮತಿ ಸಿಗದ ಸಿಟ್ಟಿನಲ್ಲಿ, ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಸುರೇಬಾನದಲ್ಲಿ ಕೊಂದರು. ಜೂನ್ 12ರಂದು ಅವರನ್ನು ಗಲ್ಲಿಗೇರಿಸಿದ್ದು ಬೆಳಗಾವಿಯಲ್ಲಿ. ಹಲಗಲಿಯ ಬೇಡರಿಗೂ ನರಗುಂದದ ಅರಸರಿಗೂ ಒಂದೇ ವೈರಿ. ಇಬ್ಬರ ನಡುವೆ ಕೇವಲ ಆರು ತಿಂಗಳ ಅಂತರ. ಆದರೂ ಅವು ಎರಡು ಪ್ರತ್ಯೇಕ ಸಾವುಗಳಾಗಿಯೇ ಉಳಿದವು.

ಒಂದು ಸ್ವಾರಸ್ಯದ ವಿಷಯವನ್ನು ಇಲ್ಲಿ ಹೇಳಬೇಕು. ಈ ಬಂಡಾಯಗಳ ನೆನಪನ್ನು ಉಳಿಸಿದವರು ಹಳ್ಳಿಯ ಲಾವಣಿಕಾರರು. ಆ ಲಾವಣಿಗಳನ್ನು 1880ರ ದಶಕದಲ್ಲಿ ಮೊದಲು ಅಚ್ಚು ಮಾಡಿಸಿದವರು ಶಾಸನತಜ್ಞರೂ ಬ್ರಿಟಿಷ್ ಅಧಿಕಾರಿಯೂ ಆಗಿದ್ದ ಜೆ.ಎಫ್. ಫ್ಲೀಟ್. ಅವರ ಸಂಗ್ರಹದಲ್ಲಿ ರಾಯಣ್ಣನ ಲಾವಣಿಯಿದೆ, ಹಲಗಲಿ ಬೇಡರ ಲಾವಣಿಯಿದೆ, ಜೊತೆಗೆ ಆದಾಯ ತೆರಿಗೆಯ ಮೇಲೂ ಒಂದು ಲಾವಣಿಯಿದೆ! ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಆ ಮೂರನೆಯದು ಬಹಳ ಮುಖ್ಯವೆನಿಸುತ್ತದೆ. 1860ರಲ್ಲಿ ಬಂದ ಆದಾಯ ತೆರಿಗೆಯ ಬಿಸಿ ಹೊಲದವನಿಗಿಂತ ಪೇಟೆಯವನಿಗೆ, ಅಂಗಡಿಯವನಿಗೆ, ಸಂಬಳದವನಿಗೆ ತಟ್ಟಿತು. ಪೇಟೆಯವನ ಅಸಮಾಧಾನ ಕಾಡಿಗೆ ಹೋಗುವುದಿಲ್ಲ. ಅರ್ಜಿ ಬರೆಯುತ್ತದೆ, ಸಭೆ ಸೇರುತ್ತದೆ, ನಡಾವಳಿ ಇಡುತ್ತದೆ. ಪುಣೆಯ ಸಾರ್ವಜನಿಕ ಸಭಾ 1870ರಲ್ಲಿ ಹುಟ್ಟಿತು. ಮುಂಬೈಯಲ್ಲಿ ಕಾಂಗ್ರೆಸ್ಸು 1885ರಲ್ಲಿ, ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ 1890ರಲ್ಲಿ ಬಂದವು. ಇವುಗಳ ಸದಸ್ಯರಲ್ಲಿ ಯಾರೂ ಕಚೇರಿ ಸುಡುವವರಾಗಿರಲಿಲ್ಲ. ಅನೇಕರು ಕಚೇರಿಯಲ್ಲಿ ಕೂರುವವರು ಅಥವಾ ಅದರ ಎದುರು ವಕೀಲಿ ಮಾಡುವವರು.

ಹುದಲಿಯ ಗಂಗಾಧರರಾವ್ ದೇಶಪಾಂಡೆಯವರು ಈ ವರ್ಗದವರೇ. 1871ರಲ್ಲಿ ಜನಿಸಿ ಪುಣೆಯಲ್ಲಿ ಓದಿ ಟಿಳಕರ ಅನುಯಾಯಿಯಾದವರು. ದೇಶಪಾಂಡೆ ಎಂಬ ಅಡ್ಡಹೆಸರೇ ಹೇಳುವಂತೆ ಮನೆತನದ ವೃತ್ತಿ ಪರಗಣೆಯ ಕಂದಾಯದ ಲೆಕ್ಕ. ಮುಂದೆ ಜನ ಅವರನ್ನು ಕರ್ನಾಟಕ ಸಿಂಹವೆಂದು ಕರೆದರು. ಆದರೆ ಅವರ ನಿಜವಾದ ಪ್ರತಿಭೆ ಸಿಂಹದ್ದಲ್ಲ, ಶ್ಯಾನುಭೋಗರದ್ದು ಎಂದು ನನಗೆ ಅನ್ನಿಸುತ್ತದೆ. ಇದು ಅವಹೇಳನವಲ್ಲ. ಜನರನ್ನು ಸೇರಿಸುವುದು, ಪಟ್ಟಿ ಹಚ್ಚುವುದು, ವಂತಿಗೆ ಎತ್ತುವುದು, ಎತ್ತಿದ್ದಕ್ಕೆ ಲೆಕ್ಕ ಕೊಡುವುದು—ಈ ಕೆಲಸಗಳಲ್ಲಿ ಅವರಿಗೆ ಸರಿಸಮಾನರು ಆ ಕಾಲದ ಮುಂಬೈ ಕರ್ನಾಟಕದಲ್ಲಿ ವಿರಳ. ಟಿಳಕರ ಪ್ರೇರಣೆಯಿಂದ ಬೆಳಗಾವಿಯಲ್ಲಿ 1905ರಲ್ಲಿ ಸಾರ್ವಜನಿಕ ಗಣೇಶೋತ್ಸವ ಆರಂಭವಾದುದು ಈ ತರಬೇತಿಯ ಮೊದಲ ಶಾಲೆ. ಹಬ್ಬಕ್ಕೆ ಚಂದಾ ಎತ್ತಲು ಕಲಿತವನಿಗೆ ಸ್ವರಾಜ್ಯಕ್ಕೆ ಚಂದಾ ಎತ್ತುವುದು ಕಷ್ಟವಾಗಲಿಲ್ಲ. ಆದರೆ ಹಬ್ಬದ ಮೂಲಕ ಸೇರಿಸಿದ ಸಂಘಟನೆಯ ಹೊರಗೆ ಯಾರು ನಿಲ್ಲುತ್ತಾರೆ ಎಂಬ ಪ್ರಶ್ನೆಯೂ ಅಂದೇ ಹುಟ್ಟಿತೆನ್ನಬೇಕು.

ನನ್ನ ದೃಷ್ಟಿಯಲ್ಲಿ ಈ ಕಥೆಯ ತಿರುವು 1924ರಲ್ಲಿಲ್ಲ. 1916ರ ಏಪ್ರಿಲ್ ಕೊನೆಯ ವಾರದಲ್ಲಿದೆ. ದಾದಾಸಾಹೇಬ ಖಾಪರ್ಡೆಯವರ ಅಧ್ಯಕ್ಷತೆಯಲ್ಲಿ ಮುಂಬೈ ಪ್ರಾಂತೀಯ ಪರಿಷತ್ತು ಬೆಳಗಾವಿಯಲ್ಲಿ ಸೇರಿತು. 1907ರ ಸೂರತ್ ಒಡಕಿನ ನಂತರ ಕಾಂಗ್ರೆಸ್ಸಿನ ಹೊರಗಿದ್ದ ಟಿಳಕರ ಗುಂಪು ಮರಳಿ ಒಳಸೇರುವ ತೀರ್ಮಾನವನ್ನು ಇಲ್ಲಿ ಮಾಡಿತು. ದಕ್ಷಿಣ ಆಫ್ರಿಕದಿಂದ ಹಿಂದಿನ ವರ್ಷವಷ್ಟೇ ಬಂದಿದ್ದ ಗಾಂಧೀಜಿಯವರೂ ಸಭೆಯಲ್ಲಿದ್ದರು, ರಾಜಿಯ ಠರಾವನ್ನು ಬೆಂಬಲಿಸಿದರು. ಇದರ ಜೊತೆಯಲ್ಲೇ ಏಪ್ರಿಲ್ 28ರಂದು ಹೋಂ ರೂಲ್ ಲೀಗ್ ಸ್ಥಾಪನೆಯಾಯಿತು. ಜೋಸೆಫ್ ಬ್ಯಾಪ್ಟಿಸ್ಟಾ ಅಧ್ಯಕ್ಷರು, ನ.ಚಿ. ಕೇಳಕರ ಕಾರ್ಯದರ್ಶಿ. ಟಿಳಕರು ಯಾವ ಹುದ್ದೆಯನ್ನೂ ಇಟ್ಟುಕೊಳ್ಳಲಿಲ್ಲ. ಇದನ್ನು ವಿನಯವೆಂದು ಹೊಗಳುವ ಬದಲು ವಿವೇಕವೆಂದು ಗುರುತಿಸುವುದು ಲೇಸು. ಆರು ವರ್ಷ ಮಂಡಾಲೆಯ ಸೆರೆಯಲ್ಲಿದ್ದವರಿಗೆ, ನಾಯಕ ಮರೆಯಾದರೆ ಚಳವಳಿಗೆ ಏನಾಗುತ್ತದೆ ಎಂಬುದು ಚೆನ್ನಾಗಿ ತಿಳಿದಿತ್ತು.

ಹೋಂ ರೂಲ್ ಎಂಬ ಹೆಸರು ಐರ್ಲೆಂಡಿನಿಂದ ಬಂದದ್ದು. ಆಶ್ಚರ್ಯವೆಂದರೆ ಆ ವಾರವೇ, ಏಪ್ರಿಲ್ 24ರಿಂದ 29ರವರೆಗೆ, ಡಬ್ಲಿನ್ ನಗರದಲ್ಲಿ ಈಸ್ಟರ್ ಬಂಡಾಯ ನಡೆಯುತ್ತಿತ್ತು. ಅಲ್ಲಿ ಬಂಡುಕೋರರು ಅಂಚೆ ಕಚೇರಿಯನ್ನು ವಶಪಡಿಸಿಕೊಂಡು ಗುಂಡು ಹಾರಿಸುತ್ತಿದ್ದಾಗ ಇಲ್ಲಿ ಬೆಳಗಾವಿಯಲ್ಲಿ ರಸೀದಿ ಪುಸ್ತಕ ತಯಾರಾಗುತ್ತಿತ್ತು. ಯಾವುದು ಹೆಚ್ಚು ಅಪಾಯಕಾರಿ ಎಂದು ಕೇಳಿದರೆ ಆ ಕಾಲದ ಮುಂಬೈ ಸರ್ಕಾರ ಸುಲಭದಲ್ಲಿ ಉತ್ತರ ಕೊಡುತ್ತಿರಲಿಲ್ಲವೇನೋ. ಒಂದು ವರ್ಷದಲ್ಲಿ ಟಿಳಕರ ಲೀಗಿನ ಸದಸ್ಯರ ಸಂಖ್ಯೆ ಹದಿನಾಲ್ಕು ಸಾವಿರವಾಯಿತು. ಆರು ಶಾಖೆಗಳಾದವು, ಅವುಗಳಲ್ಲಿ ಕರ್ನಾಟಕದ್ದೂ ಒಂದು. ಮರಾಠಿ, ಇಂಗ್ಲಿಷ್ ಕಿರುಹೊತ್ತಗೆಗಳ ನಲವತ್ತೇಳು ಸಾವಿರ ಪ್ರತಿಗಳು ಮಾರಾಟವಾದವು. ಗುಜರಾತಿ ಮತ್ತು ಕನ್ನಡದಲ್ಲೂ ಹೊತ್ತಗೆಗಳು ಬಂದವು. ಹಂಚಿದ್ದಲ್ಲ, ಮಾರಿದ್ದು ಎಂಬುದನ್ನು ಗಮನಿಸಬೇಕು. ದುಡ್ಡು ಕೊಟ್ಟು ಕೊಂಡದ್ದನ್ನು ಮನುಷ್ಯ ಓದುತ್ತಾನೆ.

ಸರ್ಕಾರ ಸುಮ್ಮನಿರಲಿಲ್ಲ. ಟಿಳಕರು ಮೇ 1ರಂದು ಬೆಳಗಾವಿಯಲ್ಲಿ, ಆ ತಿಂಗಳ ಕೊನೆಗೆ ಅಹಮದ್‌ನಗರದಲ್ಲಿ ಮಾಡಿದ ಭಾಷಣಗಳ ಮೇಲೆ ಅವರಿಗೆ ನೋಟಿಸು ಕೊಟ್ಟಿತು. ಅದು ಅವರ ಕೈಸೇರಿದ್ದು ಅವರ ಅರವತ್ತನೆಯ ಹುಟ್ಟುಹಬ್ಬದಂದು. ಪುಣೆಯ ಮ್ಯಾಜಿಸ್ಟ್ರೇಟರು ಇಪ್ಪತ್ತು ಸಾವಿರ ರೂಪಾಯಿಯ ಮುಚ್ಚಳಿಕೆ, ತಲಾ ಹತ್ತು ಸಾವಿರದ ಎರಡು ಜಾಮೀನುಗಳನ್ನು ಕೇಳಿದರು. ಜಿನ್ನಾ ಅವರ ವಕೀಲರಾಗಿದ್ದರು. ನವೆಂಬರಿನಲ್ಲಿ ಮುಂಬೈ ಹೈಕೋರ್ಟು ಆ ಆಜ್ಞೆಯನ್ನು ರದ್ದುಪಡಿಸಿತು. ಸ್ವರಾಜ್ಯ ಬೇಕೆಂದು ಸಭೆಯಲ್ಲಿ ಕೇಳುವುದು ರಾಜದ್ರೋಹವಲ್ಲ ಎಂಬ ನೆಲೆ ಸಿಕ್ಕಂತಾಯಿತು. ನಂದಗಡದಲ್ಲಿ ರಾಯಣ್ಣನಿಗೆ ಈ ಅವಕಾಶವಿರಲಿಲ್ಲ. ಹಾಗೆಂದು ಬ್ರಿಟಿಷ್ ನ್ಯಾಯವನ್ನು ಹೊಗಳಬೇಕಿಲ್ಲ. ಅದೇ ನ್ಯಾಯ 1908ರಲ್ಲಿ ಟಿಳಕರನ್ನು ಮಂಡಾಲೆಗೆ ಕಳುಹಿಸಿತ್ತು. ಸಂಘಟನೆಗೆ ಬದುಕಲು ಸ್ವಲ್ಪ ಜಾಗ ಬೇಕು. ಆ ಜಾಗವನ್ನು ಕಾನೂನಿನ ಬಿರುಕುಗಳಲ್ಲಿ ಹುಡುಕಿಕೊಳ್ಳುವ ವಕೀಲರು ಈಗ ಈ ಕಡೆ ಇದ್ದರು ಎನ್ನುವುದಷ್ಟೇ ಮುಖ್ಯ.

1920ರ ನಾಗಪುರ ಅಧಿವೇಶನ ಇದಕ್ಕೆ ದೇಶವ್ಯಾಪಿ ಚೌಕಟ್ಟು ಕೊಟ್ಟಿತು. ಕರ್ನಾಟಕದಿಂದ ಎಂಟುನೂರಕ್ಕೂ ಹೆಚ್ಚು ಪ್ರತಿನಿಧಿಗಳು ಹೋಗಿದ್ದರು. ವರ್ಷಕ್ಕೆ ನಾಲ್ಕಾಣೆ ಚಂದಾ, ಐವತ್ತು ಸಾವಿರ ಜನಸಂಖ್ಯೆಗೆ ಒಬ್ಬ ಪ್ರತಿನಿಧಿ, ಹದಿನೈದು ಜನರ ಕಾರ್ಯಕಾರಿ ಸಮಿತಿ, ಕೆಳಗೆ ಪ್ರಾಂತ, ಜಿಲ್ಲೆ, ತಾಲ್ಲೂಕು. ಸರ್ಕಾರಕ್ಕೆ ಗವರ್ನರನಿಂದ ತಲಾಟಿಯವರೆಗೆ ಇದ್ದಂತಹದೇ ಏಣಿ ಇದು. ಪ್ರಾಂತಗಳನ್ನು ಮಾತ್ರ ಕಾಂಗ್ರೆಸ್ ಸರ್ಕಾರದ ನಕಾಶೆಯಂತೆ ಮಾಡಲಿಲ್ಲ, ಭಾಷೆಯಂತೆ ಮಾಡಿತು. ಹೀಗೆ, ಮುಂಬೈ, ಮದರಾಸು, ಮೈಸೂರು, ಹೈದರಾಬಾದುಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡ ನಾಡು ಮೊದಲು ಒಂದಾದದ್ದು ಕಾಂಗ್ರೆಸ್ಸಿನ ಸದಸ್ಯತ್ವದ ಪುಸ್ತಕದಲ್ಲಿ. ರಾಜ್ಯವಾಗಿ ಒಂದಾಗಲು ಇನ್ನೂ ಮೂವತ್ತಾರು ವರ್ಷ ಬೇಕಾಯಿತು.

ಲೆಕ್ಕದ ಪುಸ್ತಕದ ಈ ಶಿಸ್ತು ಗಾಂಧೀಜಿಯವರಿಗೆ ಹೊಸದೇನೂ ಆಗಿರಲಿಲ್ಲ. 1894ರಲ್ಲಿ ಡರ್ಬನ್ನಿನಲ್ಲಿ ನಟಾಲ್ ಇಂಡಿಯನ್ ಕಾಂಗ್ರೆಸ್ ಕಟ್ಟಿದಾಗ ತಿಂಗಳಿಗೆ ಕನಿಷ್ಠ ಐದು ಷಿಲಿಂಗ್ ಚಂದಾ ಎಂದು ಗೊತ್ತುಮಾಡಿ, ತಿಂಗಳು ತಿಂಗಳು ವಸೂಲಿ ಕಷ್ಟವಾದಾಗ ವರ್ಷಕ್ಕೆ ಕನಿಷ್ಠ ಮೂರು ಪೌಂಡ್ ಎಂದು ಬದಲಿಸಿದರು. ಪ್ರತಿ ಪೈಸೆಗೂ ರಸೀದಿ ಕೊಡುತ್ತಿದ್ದುದನ್ನೂ ಆ ವರ್ಷದ ಲೆಕ್ಕದ ಪುಸ್ತಕಗಳು ದಶಕಗಳ ನಂತರವೂ ಉಳಿದಿರುವುದನ್ನೂ ಅವರು ಆತ್ಮಕಥೆಯಲ್ಲಿ ಹೆಮ್ಮೆಯಿಂದ ನೆನೆಯುತ್ತಾರೆ. ಮಹಾತ್ಮನೊಳಗೆ ಒಬ್ಬ ಗುಮಾಸ್ತನಿದ್ದ. ಆತನಿಲ್ಲದೆ ಮಹಾತ್ಮನ ಕೆಲಸ ನಡೆಯುತ್ತಿರಲಿಲ್ಲ.

ಇಂಥ ಅಧ್ಯಕ್ಷರಿಗೆ ಗಂಗಾಧರರಾಯರಂಥ ಸಂಘಟಕರು ಸಿಕ್ಕಿದ್ದು 1924ರ ಬೆಳಗಾವಿಯ ಭಾಗ್ಯ. ಅಧಿವೇಶನದ ನೆಲೆಗೆ ವಿಜಯನಗರವೆಂದು ಹೆಸರಿಟ್ಟರು. ನೀರಿಗಾಗಿ ತೋಡಿಸಿದ ಬಾವಿಗೆ ಪಂಪಾ ಸರೋವರವೆಂದು ಕರೆದರು. ಅದಕ್ಕೆ ತಗಲಿದ ಖರ್ಚು 4,370 ರೂಪಾಯಿ 3 ಆಣೆ. ಮೂರು ಆಣೆಯನ್ನೂ ಬಿಡದ ಆ ಲೆಕ್ಕ ನನಗೆ ಬಹಳ ಪ್ರಿಯ. ಎಲ್ಲ ಮುಗಿದ ಮೇಲೆ ಸ್ವಾಗತ ಸಮಿತಿಯಲ್ಲಿ ಉಳಿದದ್ದು 773 ರೂಪಾಯಿ. ತಮಗಾಗಿ ಬಿದಿರು, ಖಾದಿಗಳಿಂದ ಕಟ್ಟಿದ ಕುಟೀರ ಅರಮನೆಯಂತಿದೆಯೆಂದು ಗಾಂಧೀಜಿ ಗೊಣಗಿದರೂ, ವ್ಯವಸ್ಥೆಯನ್ನು ಮೆಚ್ಚಿ ಬರೆದರು. ಸೇವಾದಳದ ಸ್ಥಾಪಕ ಡಾ. ನಾ.ಸು. ಹರ್ಡೀಕರರ ಸ್ವಯಂಸೇವಕರು ಅಧಿವೇಶನದ ಶಿಸ್ತಿಗೆ ಹೆಗಲು ಕೊಟ್ಟರು. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರು ನೂರೈವತ್ತಕ್ಕೂ ಹೆಚ್ಚು ಮಹಿಳೆಯರನ್ನು ಸ್ವಯಂಸೇವಕಿಯರಾಗಿ ಕರೆತಂದರು. ಅವರಲ್ಲಿ ಅನೇಕರು ವಿಧವೆಯರು. ಮನೆಯ ಹಿತ್ತಲಲ್ಲಿ ಕಾಲ ಕಳೆಯಬೇಕಾಗಿದ್ದ ಹೆಣ್ಣುಮಗಳೊಬ್ಬಳು ಸಮವಸ್ತ್ರ ತೊಟ್ಟು ಹಗಲಿನಲ್ಲಿ ಸಾವಿರಾರು ಜನರ ಎದುರು ಕೆಲಸಕ್ಕೆ ನಿಂತದ್ದು ಯಾವ ಠರಾವಿಗಿಂತ ಕಡಿಮೆ?

ಠರಾವುಗಳ ಪೈಕಿ ಮುಖ್ಯವಾದದ್ದು ನೂಲಿನ ಸದಸ್ಯತ್ವ. ನಾಲ್ಕಾಣೆಯ ಬದಲು ಸದಸ್ಯನು ತಿಂಗಳಿಗೆ ಎರಡು ಸಾವಿರ ಗಜ ನೂಲು ಕೊಡಬೇಕು. ತಾನೇ ನೂಲಲಾಗದಿದ್ದರೆ ಬೇರೆಯವರಿಂದ ನೂಲಿಸಿಯಾದರೂ. ದುಡ್ಡಿಲ್ಲದವನೂ ದುಡಿಮೆಯಿಂದ ಸದಸ್ಯನಾಗಬಹುದು, ದುಡ್ಡಿದ್ದವನೂ ಕೈಯಾಡಿಸದೆ ಸದಸ್ಯನಾಗಲಾರ ಎಂಬ ಆಲೋಚನೆ ಉದಾತ್ತವಾದದ್ದೇ. ಆದರೆ ಕಾರ್ಯಸಾಧ್ಯತೆಯ ದೃಷ್ಟಿಯಿಂದ ನನಗೆ ಇದು ದುಬಾರಿ ಪ್ರಯೋಗವಾಗಿ ಕಾಣುತ್ತದೆ. ನಾಲ್ಕಾಣೆಯನ್ನು ಎಣಿಸಬಹುದು, ಎರಡು ಸಾವಿರ ಗಜವನ್ನು ಪ್ರತಿ ತಿಂಗಳು ಪ್ರತಿ ಊರಿನಲ್ಲಿ ಅಳೆಯುವವರಾರು? 1925ರ ಸೆಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿ ನಾಲ್ಕಾಣೆ ಅಥವಾ ನೂಲು, ಯಾವುದಾದರೂ ಸರಿ ಎಂದಿತು. ನೂಲಿನ ಕೆಲಸಕ್ಕೆ ಪ್ರತ್ಯೇಕವಾಗಿ ಚರಕಾ ಸಂಘ ಹುಟ್ಟಿತು. ನಾಯಕನ ಪ್ರಿಯ ಯೋಜನೆಯನ್ನು ಸಮಿತಿ ಒಂಬತ್ತು ತಿಂಗಳಲ್ಲಿ ಸಡಿಲಿಸಿತು, ನಾಯಕ ಒಪ್ಪಿಕೊಂಡರು, ಸಂಘಟನೆ ಒಡೆಯಲಿಲ್ಲ. ಇದು ಸೋಲಿನಂತೆ ಕಂಡರೂ, ಕಿತ್ತೂರು, ನರಗುಂದಗಳಲ್ಲಿ ಇಲ್ಲದೆ ಇದ್ದುದು ಇದೇ.

ಈ ಪುಸ್ತಕದಲ್ಲಿ ಯಾರ ಹೆಸರಿರಲಿಲ್ಲ ಎಂಬುದನ್ನೂ ಕೇಳಲೇಬೇಕು. ಬೆಳಗಾವಿಯ ಕಾಂಗ್ರೆಸ್ಸಿನ ಮುಂಚೂಣಿಯಲ್ಲಿದ್ದವರು ಬಹುಪಾಲು ಬ್ರಾಹ್ಮಣ ವಕೀಲರು, ವತನದಾರರು. ಅಧಿವೇಶನದ ಅದೇ ದಿನಗಳಲ್ಲಿ ಅದೇ ನಗರದಲ್ಲಿ ಬ್ರಾಹ್ಮಣೇತರರ ಸಮ್ಮೇಳನವೂ ಸೇರಿತ್ತು. ಕರ್ನಾಟಕ ಏಕೀಕರಣ ಪರಿಷತ್ತಿಗೆ ಅಲ್ಲಿಯೇ ಅಧ್ಯಕ್ಷರಾದ ಸಿದ್ದಪ್ಪ ಕಂಬಳಿಯವರು ಬ್ರಾಹ್ಮಣೇತರ ಚಳವಳಿಯ ಮುಖಂಡರು. ಮೂರೂವರೆ ತಿಂಗಳ ನಂತರ, 1925ರ ಏಪ್ರಿಲ್‌ನಲ್ಲಿ, ಇದೇ ಜಿಲ್ಲೆಯ ನಿಪ್ಪಾಣಿಯಲ್ಲಿ ಅಸ್ಪೃಶ್ಯರ ಪ್ರಾಂತೀಯ ಪರಿಷತ್ತು ನಡೆದು, ಡಾ. ಅಂಬೇಡ್ಕರ್ ಮಾತನಾಡಿದರು. ಕಾಂಗ್ರೆಸ್ಸಿನ ಸಂಘಟನಾ ವಿದ್ಯೆಯನ್ನೇ—ಪರಿಷತ್ತು, ಠರಾವು, ಚಂದಾ, ಪತ್ರಿಕೆ—ಕಲಿತು ಅದರ ಎದುರು ತಮ್ಮ ಪ್ರಶ್ನೆಗಳನ್ನು ಇಟ್ಟವರು ಇವರು. ಸಂಘಟಿತ ರಾಜಕಾರಣ ಒಬ್ಬರ ಸ್ವತ್ತಾಗಿ ಉಳಿಯಲಿಲ್ಲ. ಅಷ್ಟಾಗಿಯೂ ರಾಯಣ್ಣನ ಜೊತೆ ಕಾಡಿಗೆ ಹೋದ ಜನರ ಮೊಮ್ಮಕ್ಕಳಲ್ಲಿ ಎಷ್ಟು ಮಂದಿಗೆ ಆ ವಿಜಯನಗರದ ಮಂಟಪದೊಳಗೆ ಪ್ರತಿನಿಧಿಯಾಗಿ ಕೂರುವ ಯೋಗವಿತ್ತು ಎಂದು ಯೋಚಿಸಿದರೆ ಉತ್ತರ ಹಿತವಾಗಿರುವುದಿಲ್ಲ.

ಭಾಷೆಯ ವಿಷಯದಲ್ಲಿ ಒಂದು ಮಾತು. ಟಿಳಕರು ಬೆಳಗಾವಿಯಲ್ಲಿ ಮಾತನಾಡಿದ್ದು ಮರಾಠಿಯಲ್ಲಿ. ಗಂಗಾಧರರಾಯರು ಆತ್ಮಕಥೆ ಬರೆದದ್ದೂ ಮರಾಠಿಯಲ್ಲಿ. ಆದರೂ ಅವರು ಕಟ್ಟಿದ್ದು ಕರ್ನಾಟಕದ ಕಾಂಗ್ರೆಸ್ಸನ್ನು. ಹುಯಿಲಗೋಳ ನಾರಾಯಣರಾಯರ ಕನ್ನಡ ನಾಡಿನ ಗೀತೆ ಅಧಿವೇಶನದಲ್ಲಿ ಮೊಳಗಿತು. ಅವರಿಗೆ ಇದರಲ್ಲಿ ವಿರೋಧಾಭಾಸ ಕಾಣಲಿಲ್ಲ. ನಂತರದ ತಲೆಮಾರುಗಳಿಗೆ ಕಂಡಿತು. 1967ರ ಮಹಾಜನ ವರದಿ ಬೆಳಗಾವಿ ನಗರವನ್ನು ಕರ್ನಾಟಕಕ್ಕೆ ಉಳಿಸಿ, ನಿಪ್ಪಾಣಿ, ಖಾನಾಪುರ, ನಂದಗಡಗಳೂ ಸೇರಿ 264 ಊರುಗಳನ್ನು ಮಹಾರಾಷ್ಟ್ರಕ್ಕೆ, ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ ಸೇರಿ 247 ಹಳ್ಳಿಗಳನ್ನು ನಮಗೆ ಕೊಡಬೇಕೆಂದಿತ್ತು. ಕರ್ನಾಟಕ ಅದನ್ನು ಅಕ್ಷರಶಃ ಜಾರಿ ಮಾಡಿ ಎಂದಾಗ ರಾಯಣ್ಣನ ಸಮಾಧಿಯನ್ನೂ ಬಿಟ್ಟುಕೊಡುತ್ತೇವೆ ಎಂದಂತಾಗುತ್ತಿತ್ತು. ಇದು ನಮ್ಮ ವೇದಿಕೆಗಳಲ್ಲಿ ಯಾರ ಬಾಯಲ್ಲೂ ಬರದ ಮಾತು. 2020ರ ಆಗಸ್ಟಿನಲ್ಲಿ ಖಾನಾಪುರದ ಹಾದಿಯಲ್ಲಿರುವ ಪೀರನವಾಡಿಯಲ್ಲಿ ರಾಯಣ್ಣನ ಪ್ರತಿಮೆಗಾಗಿ ಎದ್ದ ಗಲಾಟೆ, ವೃತ್ತಕ್ಕೆ ಶಿವಾಜಿಯ ಹೆಸರು, ಪ್ರತಿಮೆ ರಾಯಣ್ಣನದು ಎಂಬ ಒಪ್ಪಂದದಲ್ಲಿ ಮುಗಿಯಿತು. ಮರುವರ್ಷ ಬೆಳಗಾವಿಯ ಅನಗೋಳದಲ್ಲಿ ಅದೇ ರಾಯಣ್ಣನ ಪ್ರತಿಮೆಯನ್ನು ವಿರೂಪಗೊಳಿಸಲಾಯಿತು. ಸಂಘಟನೆಯ ವಿದ್ಯೆಯನ್ನು ನಾವು ಮರೆತಿಲ್ಲ. ಯಾವುದಕ್ಕೆ ಬಳಸುತ್ತಿದ್ದೇವೆ ಎಂಬುದು ಬೇರೆ ಮಾತು.

1930ರ ದಶಕದ ಉಪ್ಪು, ಈಚಲು, ಕರನಿರಾಕರಣೆಗಳ ಕಥೆ ದೊಡ್ಡದು, ಅದನ್ನು ಇಲ್ಲಿ ಬಿಡುತ್ತೇನೆ. ಆದರೆ 1942ನ್ನು ಬಿಡಲಾಗದು. ಆಗಸ್ಟ್ 9ರ ಬೆಳಗಿನೊಳಗೆ ಮೇಲಿನ ಸಾಲಿನ ನಾಯಕರೆಲ್ಲ ಸೆರೆಯಾದರು. 1830ರ ತರ್ಕದಂತೆ ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಮುಗಿಯಲಿಲ್ಲ. ರಂಗನಾಥ ದಿವಾಕರರಂಥವರು ಭೂಗತರಾಗಿ ಎರಡು ವರ್ಷ ಚಳವಳಿಯ ಎಳೆಗಳನ್ನು ಹಿಡಿದಿದ್ದರು. ಕರ್ನಾಟಕದಲ್ಲಿ ತಂತಿ ಕಡಿದ ಪ್ರಕರಣಗಳೇ 1,600. ದಾಳಿಗೊಳಗಾದ ರೈಲು ನಿಲ್ದಾಣಗಳು 26, ಅಂಚೆ ಕಚೇರಿಗಳು 32. ಇವುಗಳ ಜೊತೆಗೆ ಬೆಳಗಾವಿ, ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಚಾವಡಿಗೆ ನುಗ್ಗಿ ದಫ್ತರ ಸುಡುವುದೂ ನಡೆಯಿತು. ನೂರಹನ್ನೆರಡು ವರ್ಷಗಳ ನಂತರ ಮತ್ತೆ ಅದೇ ಬೆಂಕಿ, ಅದೇ ಗಂಟು. ವ್ಯತ್ಯಾಸವೆಂದರೆ ಈ ಬಾರಿ ಸುಡುವವನ ಹಿಂದೆ, ಆತನ ಹೆಸರು ಬರೆದುಕೊಂಡ ಇನ್ನೊಂದು ದಫ್ತರವಿತ್ತು. ಆತ ಸೆರೆಯಾದರೆ ಆತನ ಮನೆಗೆ ಜೋಳ ಮುಟ್ಟಿಸುವವರೂ, ಕೋರ್ಟಿನಲ್ಲಿ ನಿಲ್ಲುವವರೂ, ಮರುದಿನ ಆತನ ಕೆಲಸಕ್ಕೆ ಹೋಗುವವರೂ ಇದ್ದರು. ಗಾಂಧೀಜಿಯವರ ಅಹಿಂಸೆಯ ಕಟ್ಟುಪಾಡಿಗೆ ಇದೆಲ್ಲ ಎಷ್ಟು ಹೊಂದುತ್ತಿತ್ತೆಂಬ ಚರ್ಚೆ ಅಂದೂ ಇತ್ತು. ಹಳ್ಳಿಯವರಿಗೆ ಮಾತ್ರ ಯಾವುದನ್ನು ಸುಡಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲವೆಂದು ತೋರುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಮುಂಬೈ ಸರ್ಕಾರ 1950ರ ಕಾಯಿದೆಯಿಂದ ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ರದ್ದು ಮಾಡಿತು. ದೇಶಪಾಂಡೆ ಎಂಬುದು ಹುದ್ದೆಯಾಗಿ ಉಳಿಯದೆ ಬರೀ ಅಡ್ಡಹೆಸರಾಯಿತು. ಶೇತಸನದಿಗಳ ಸರದಿ ಬಂದದ್ದು 1961ರ ಮೈಸೂರು ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯಲ್ಲಿ. ಅದರಂತೆ ಸೇವೆಯ ಉಂಬಳಿ ಭೂಮಿ ಮೊದಲು ಸರ್ಕಾರಕ್ಕೆ ಸೇರಿ, ನಂತರ ಹಿಡುವಳಿದಾರ ನಿಗದಿತ ಹಣ ಕಟ್ಟಿದರೆ ಆತನಿಗೇ ಮರುಮಂಜೂರಾಗಬೇಕು. ರಾಯಣ್ಣ ಕಳೆದುಕೊಂಡಂಥ ಹೊಲಗಳ ಒಡೆತನದ ಪ್ರಶ್ನೆ ಹೀಗೆ ಸ್ವತಂತ್ರ ಭಾರತದ ಕಂದಾಯ ಅಧಿಕಾರಿಗಳ ಮೇಜಿಗೆ ಬಂತು. ನಾನು ಈ ಭಾಗದಲ್ಲಿ ಕೆಲಸ ಮಾಡುತ್ತಿದ್ದಾಗ ಇಂಥ ಪ್ರಕರಣಗಳು ಪ್ರತಿ ವಾರ ವಿಚಾರಣೆಗೆ ಬರುತ್ತಿದ್ದವು. ಅಜ್ಜನ ಕಾಲದಲ್ಲಿ ಯಾರಿಗೋ ಮಾರಿದ ಹೊಲ, ಹಣ ಕಟ್ಟದೆ ಬಿಟ್ಟ ಮರುಮಂಜೂರಾತಿ, 1978ರ ತಿದ್ದುಪಡಿಯ ನಂತರ ಸಿಂಧುವಲ್ಲದ ಖರೀದಿ, ಒಂದೇ ಸರ್ವೆ ನಂಬರಿಗೆ ನಾಲ್ಕು ಕವಲಿನ ವಾರಸುದಾರರು. ಕಕ್ಷಿದಾರರಲ್ಲಿ ಹೆಚ್ಚಿನವರು ರುಮಾಲು ಸುತ್ತಿದ ಮುದುಕರು. ತಮ್ಮ ಮನೆತನ ಶೇತಸನದಿಗಳದ್ದೆಂದು ಎದ್ದುನಿಂತು ಹೇಳುವಾಗ ಅವರ ದನಿ ಬದಲಾಗುತ್ತಿತ್ತು. ಹೇಳಿಕೆಯಿಂದ ಹಕ್ಕು ಸಿದ್ಧವಾಗುವುದಿಲ್ಲ, ಹಳೆಯ ದಾಖಲೆ ಬೇಕು ಎಂದು ನಾನು ಹೇಳಬೇಕಾಗುತ್ತಿತ್ತು. ಅವರು ಜಿಲ್ಲಾ ದಾಖಲೆಕೋಣೆಗೆ ಹೋಗಿ, ಬ್ರಿಟಿಷರ ಕಾಲದ ವತನ ರಿಜಿಸ್ಟರಿನ ನಕಲಿಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಮುಂದಿನ ತಾರೀಖಿಗೆ ಬರುತ್ತಿದ್ದರು.